ಮೊದಲ ಲಾರಿಯನ್ನು ನುಂಗುತ್ತಿದ್ದ ಪಟ್ಟಿ

ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಗಣಿ ಜೋರಿದ್ದ ಕಾಲದಲ್ಲಿ ಚೆನ್ನಾಗಿ ಮಾಡಿಕೊಂಡಿರಬೇಕಲ್ಲ ವಿರೂಪಣ್ಣ, ಅಂತ. ಮಾಡಿಕೊಂಡೆನಪ್ಪಾ, ಯಾಕಿಲ್ಲ! ಎದೆಯಲ್ಲಿ ಸಂಡೂರಿನ ಕೆಂಪು ಧೂಳು, ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ, ಮತ್ತು ದುರುಗಮ್ಮ ಎಂಬ ಹೆಣ್ಣುಮಗಳನ್ನು ಕಂಡರೆ ತಾನಾಗಿ ಬಗ್ಗುವ ತಲೆ. ಮೊದಲಿನ ಎರಡು ಆ ಕಾಲದಲ್ಲಿ ದುಡಿದ ಎಲ್ಲರ ಬಳಿಯೂ ಇವೆ. ಮೂರನೆಯದು ನನ್ನ ಸ್ವಂತ ಗಳಿಕೆ. ಈಗ ಕಂಪ್ಯೂಟರ್ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಅದೇ ತಪ್ಪು ಮಾಡದಿರಲಿ ಎಂದು ಅದರ ಕಥೆ ಬರೆಯುತ್ತಿದ್ದೇನೆ. ನನ್ನ ಬಡ್ತಿಗಳ ವಿಷಯ ಬರೆಯುವುದಿಲ್ಲ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾದ್ದಿಲ್ಲ.

ನಾನು ಮೊದಲು ಸಕ್ಕರೆ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ಅಲ್ಲಿಂದ ಅದಿರು ಸಾಗಿಸುವ ಕಂಪನಿಯೊಂದರ ಹೊಸಪೇಟೆ ಆಫೀಸಿಗೆ ಬಂದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಸಂಡೂರಿನ ಕಡೆಯಿಂದ ಬರುವ ಲಾರಿಗಳ ಸಾಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಯಾರೂ ಹೇಳುವಂತಿರಲಿಲ್ಲ. ರಸ್ತೆ ದಾಟಲು ನಿಂತ ಎಮ್ಮೆಗಳು ಬೇಸತ್ತು ಅಲ್ಲೇ ಮಲಗಿಬಿಡುತ್ತಿದ್ದವು. ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ಹೋದವನು ಸಂಜೆ ಕಾವಿ ತೊಟ್ಟು ಬರುತ್ತಿದ್ದೆ. ಸನ್ಯಾಸ ತಗೊಳ್ಳೋದಾದ್ರ ಮೊದಲ ಹೇಳ್ರಿ, ನಾನೂ ತವರಿಗೆ ಹೋಗ್ತೀನಿ ಎಂದು ಹೆಂಡತಿ ಕಾಡಿಸುತ್ತಿದ್ದಳು.

ಆಫೀಸಿನಲ್ಲಿ ಒಂದು ಕಂಪ್ಯೂಟರ್ ಇತ್ತು. ಅದನ್ನು ಮುಟ್ಟುವ ಧೈರ್ಯ ಇದ್ದವನು ನಾನೊಬ್ಬನೇ. ಊರಿಗೊಬ್ಬಳೇ ಪದ್ಮಾವತಿ ಎಂದಮೇಲೆ ಕೇಳಬೇಕೆ, ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಈಗಿನಂತೆ ಅದರಲ್ಲಿ ಚಿತ್ರಗಳಿರಲಿಲ್ಲ, ಮೌಸ್ ಇರಲಿಲ್ಲ. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರ. ನಾವು ಒಂದು ಆಜ್ಞೆ ಟೈಪ್ ಮಾಡಬೇಕು, ಅದು ಕೆಳಗೆ ಉತ್ತರ ಬರೆಯಬೇಕು. ಬಿಡುವಿನಲ್ಲಿ ಪುಸ್ತಕ ನೋಡಿಕೊಂಡು ನಾನೇ ಸಣ್ಣಪುಟ್ಟ ಪ್ರೋಗ್ರಾಂ ಬರೆಯುವುದನ್ನೂ ಕಲಿತೆ. ಅರೆಬೆಂದ ವಿದ್ಯೆ ಅದು, ಆದರೆ ಆಫೀಸಿನಲ್ಲಿ ಉಳಿದವರದು ಪೂರ್ತಿ ಹಸಿ.

ನನ್ನ ಮೇಲಿನವರು ಮ್ಯಾನೇಜರ್ ಶೇಷಗಿರಿಯವರು. ಮನೆಯಲ್ಲಿ ತೆಲುಗು, ಆಫೀಸಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಕಾಗದದ ಮೇಲೆ ಇಲ್ಲದ್ದನ್ನು ದೇವರು ಬಂದು ಹೇಳಿದರೂ ನಂಬದ ಮನುಷ್ಯ. ಆದರೆ ತಮ್ಮ ತಪ್ಪು ಗೊತ್ತಾದರೆ ಅದನ್ನೂ ಕಾಗದದ ಮೇಲೆ ಒಪ್ಪಿಕೊಳ್ಳುತ್ತಿದ್ದರು. ಅಂಥವರು ಈಗ ಕಡಿಮೆ.

ದುರುಗಮ್ಮನ ಕಥೆಗೆ ಮೊದಲು ನನ್ನ ಒಂದು ಸಣ್ಣ ಮಂಗತನ ಹೇಳಬೇಕು. ನನ್ನ ಮಗಳು ಹಂಪಿ ಬಜಾರಿನ ಕಲ್ಲುಮಂಟಪದ ಮುಂದೆ ನಿಂತ ಒಂದು ಫೋಟೋವನ್ನು ಸ್ನೇಹಿತನೊಬ್ಬ ತನ್ನ ಹೊಸ ಕ್ಯಾಮೆರಾದಿಂದ ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟ. ನೋಡುವ ಆಸೆ. ಕಾಗದಪತ್ರ ಓದಲು ಬಳಸುವ ಆಜ್ಞೆಯನ್ನೇ ಆ ಫೋಟೋಗೂ ಕೊಟ್ಟೆ. ಮಗಳು ಕಾಣಲಿಲ್ಲ. ಪರದೆಯ ತುಂಬ ಗೆರೆ, ಚೌಕ, ಮೀಸೆ, ಬಾಲ ಓಡಾಡಿದವು. ಯಂತ್ರ ಕೀಂ ಕೀಂ ಎಂದು ಕೂಗತೊಡಗಿತು. ಎಲ್ಲ ನಿಂತ ಮೇಲೆ ನಾನು ಏನು ಟೈಪ್ ಮಾಡಿದರೂ ಕಬ್ಬಿಣದ ಗೇಟಿನ ಡಿಸೈನ್ ಥರ ಬರುತ್ತಿತ್ತು. ಶೇಷಗಿರಿಯವರು ಓಡಿ ಬಂದು ಗೋಡೆಯ ಸ್ವಿಚ್ ಆರಿಸಿ, ಕಂಪ್ಯೂಟರಿಗೆ ಲಕ್ವ ಹೊಡೆಯಿತೇ ಎಂದು ಕೇಳಿದರು.

ಮರುದಿನ ಪುಸ್ತಕ ತೆಗೆದು ಕಾರಣ ಹುಡುಕಿದೆ. ಪರದೆಗೆ ಬರುವ ಅಕ್ಷರಗಳಲ್ಲಿ ಎರಡು ಜಾತಿ. ಹೆಚ್ಚಿನವು ಓದುವ ಅಕ್ಷರಗಳು. ಕೆಲವು ಮಾತ್ರ ಅಕ್ಷರಗಳಲ್ಲ, ಆಜ್ಞೆಗಳು: ಕರ್ಸರ್ ಮೇಲಕ್ಕೆ ಹೋಗು, ಈ ಸಾಲು ಅಳಿಸು, ಬಣ್ಣ ಕೆಂಪು ಮಾಡು. ಈ ಆಜ್ಞೆಗಳ ಮುಂದೆ ಎಸ್ಕೇಪ್ ಎಂಬ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಅದು ಬಂತೆಂದರೆ ಮುಂದಿನದನ್ನು ಪರದೆ ಓದಿ ತೋರಿಸುವುದಿಲ್ಲ, ಹೇಳಿದಂತೆ ಮಾಡುತ್ತದೆ. ಬಸ್ಸಿನ ಕಂಡಕ್ಟರ್ ಸೀಟಿ ಇದ್ದಂತೆ. ಪ್ರಯಾಣಿಕರು ಎಷ್ಟು ಹರಟಿದರೂ ಡ್ರೈವರ್ ಗಾಡಿ ನಿಲ್ಲಿಸುವುದಿಲ್ಲ, ಸೀಟಿ ಕೇಳಿದರೆ ನಿಲ್ಲಿಸುತ್ತಾನೆ. ಆ ಸೀಟಿ ಊದಿದ್ದು ಕಂಡಕ್ಟರೋ, ಹಿಂದಿನ ಸೀಟಿನ ಯಾವನೋ ತರಲೆಯೋ ಎಂದು ಅವನು ತಿರುಗಿ ನೋಡುವುದಿಲ್ಲ. ಫೋಟೋದೊಳಗೆ ಆಕಸ್ಮಿಕವಾಗಿ ಅಂಥ ಸೀಟಿಗಳಿದ್ದವು, ಅಷ್ಟೇ.

ಇಷ್ಟು ತಿಳಿದುಕೊಂಡು ನಾನು ಪಂಡಿತನಾದೆ ಎಂದುಕೊಂಡೆ. ಫೋಟೋದಲ್ಲಿ ಇರಬಹುದಾದ ಸೀಟಿ ಒಂದು ಫೈಲಿನ ಹೆಸರಿನಲ್ಲೂ ಇರಬಹುದು ಎಂದು ಹೊಳೆಯಲಿಲ್ಲ. ಹೆಸರೆಂದರೆ ಹೆಸರು, ಅದರಲ್ಲೇನು ಮಹಾ ಎಂಬ ಭಾವನೆ ನನ್ನದು.

ಸಂಡೂರಿನ ಹತ್ತಿರ ನಮ್ಮ ಕಾಂಟಾ ಇತ್ತು, ಅಂದರೆ ಲೋಡಾದ ಲಾರಿಗಳನ್ನು ತೂಗುವ ಜಾಗ. ಅಲ್ಲಿನ ಕ್ಲಾರ್ಕ್ ದುರುಗಮ್ಮ. ಮೂವತ್ತರ ಒಳಗಿನ ವಯಸ್ಸು, ಎಸ್ಸೆಸ್ಸೆಲ್ಸಿ ಪಾಸು, ಮಾತು ಮಿರ್ಚಿ. ಅವಳ ಅಪ್ಪ ಅದೇ ಕಾಂಟಾದಲ್ಲಿ ಕೈಯಲ್ಲಿ ಚೀಟಿ ಬರೆಯುತ್ತಿದ್ದವರು. ಅವರು ತೀರಿಕೊಂಡ ಮೇಲೆ ಅವಳು ಆ ಕುರ್ಚಿಗೆ ಬಂದಳು, ಅವಳ ಹಿಂದೆಯೇ ಕಂಪ್ಯೂಟರೂ ಬಂತು. ನಾನು ಬರೆದ ಪ್ರೋಗ್ರಾಂ ಅವಳಿಗೆ ಮೊದಲ ಸಾಲಿನಲ್ಲಿ ಲಾರಿ ನಂಬರ್ ಕೇಳುತ್ತಿತ್ತು, ಎರಡನೆಯ ಸಾಲಿನಲ್ಲಿ ಡ್ರೈವರ್ ಹೆಸರು. ಎರಡನ್ನೂ ಜೋಡಿಸಿ ಒಂದು ಫೈಲಿನ ಹೆಸರು ಮಾಡುತ್ತಿತ್ತು. ಲಾರಿಗೊಂದು ಚೀಟಿ, ಚೀಟಿಗೊಂದು ಫೈಲು.

ಒಮ್ಮೆ ಅವಳು ಒಂದು ದೂರು ಹೇಳಿದಳು. ಬಾಣದ ಗುರುತಿನ ಕೀಲಿ ಒತ್ತಿದರೆ ಪರದೆಯ ಮೇಲೆ ಟೋಪಿಯಂಥ ಒಂದು ಚಿಹ್ನೆಯೂ ಕಂಸವೂ ಮೂಡಿ ಅಸಹ್ಯವಾಗಿ ಕಾಣುತ್ತದೆ ಎಂದು. ಅದಕ್ಕೇನಂತೆ ಎಂದು ನಾನು ಹೋಗಿ ಒಂದು ಸೆಟ್ಟಿಂಗ್ ಬದಲಿಸಿದೆ. ಟೋಪಿ ಮಾಯವಾಯಿತು. ಬಾಣ ಒತ್ತಿದರೆ ಕರ್ಸರ್ ನಯವಾಗಿ ಮೇಲೆ ಕೆಳಗೆ ಓಡಾಡತೊಡಗಿತು. ಅವಳು ಖುಷಿಯಾಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿದಳು. ಆ ಟೋಪಿ ನನಗೆ ಸಿಕ್ಕ ಒಂದೇ ಒಂದು ಎಚ್ಚರಿಕೆಯಾಗಿತ್ತು. ಅದನ್ನು ನಾನೇ ಕಿತ್ತು ಹಾಕಿ ಮಿರ್ಚಿ ತಿಂದು ಬಂದೆ.

ದಿನವೂ ಸಂಜೆ ಸಂಡೂರಿನ ಫೈಲುಗಳು ಫೋನ್ ಲೈನಿನ ಮೇಲೆ ಹೊಸಪೇಟೆಗೆ ಬರುತ್ತಿದ್ದವು. ಇಲ್ಲಿ ನನ್ನ ಇನ್ನೊಂದು ಪ್ರೋಗ್ರಾಂ ಇತ್ತು, ಹೆಸರು ಪಟ್ಟಿ. ಅದು ಮೇಲೊಂದು ಅಡ್ಡಗೆರೆ ಎಳೆದು, ಅದರ ಕೆಳಗೆ ತೂಗಿದ ಕ್ರಮದಲ್ಲೇ, ಸಾಲಿಗೊಂದರಂತೆ ಆ ದಿನದ ಎಲ್ಲ ಫೈಲುಗಳ ಹೆಸರು ತೋರಿಸುತ್ತಿತ್ತು. ಶೇಷಗಿರಿಯವರು ನನ್ನ ಪಕ್ಕ ಕುರ್ಚಿ ಎಳೆದುಕೊಂಡು, ಲಾರಿಗಳು ಅದಿರು ಇಳಿಸುವ ರೈಲ್ವೆ ಸೈಡಿಂಗ್ ಗೇಟಿನ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು, ಪರದೆಯ ಮೇಲಿನ ಒಂದೊಂದು ಹೆಸರನ್ನೂ ತಾಳೆ ನೋಡುತ್ತಿದ್ದರು.

ಒಂದು ದಿನ ಒಂದು ಲಾರಿ ತಾಳೆಯಾಗಲಿಲ್ಲ. ಸೈಡಿಂಗಿಗೆ ಬಂದಿದೆ, ಡ್ರೈವರನ ಕೈಯಲ್ಲಿ ಅಚ್ಚಾದ ಚೀಟಿಯೂ ಇದೆ, ಆದರೆ ನಮ್ಮ ಪಟ್ಟಿಯಲ್ಲಿ ಇಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಹಾಗೇ. ತಿಂಗಳೊಳಗೆ ಐದು ಸಲ. ಐದೂ ಸಲ ಡ್ರೈವರ್ ಒಬ್ಬನೇ, ಕಂಪ್ಲಿಯ ಕಾಸಿಂ. ಐದೂ ಸಲ ಅದು ದಿನದ ಮೊದಲ ಲಾರಿ.

ಕಾಸಿಂ ಯಾವಾಗಲೂ ಮೊದಲಿಗನಾಗುವುದಕ್ಕೆ ಕಾರಣ ಇತ್ತು. ಅವನ ಕೈಗುಣ ಚಲೋ ಎಂದು ಕಾಂಟಾದವರ ನಂಬಿಕೆ. ಅವನು ಬೋಣಿ ಮಾಡಿದ ದಿನ ಲಾರಿ ಕೆಟ್ಟು ನಿಲ್ಲುವುದಿಲ್ಲ, ಜಗಳ ಆಗುವುದಿಲ್ಲ ಎಂದು ಉಳಿದ ಡ್ರೈವರುಗಳೇ ಅವನನ್ನು ಮುಂದೆ ಬಿಡುತ್ತಿದ್ದರು. ಶೇಷಗಿರಿಯವರಿಗೆ ಈ ಕೈಗುಣದ ಮಾತು ಕಾಗದದ ಮೇಲೆ ಎಲ್ಲೂ ಕಾಣಲಿಲ್ಲ. ಅವರಿಗೆ ಕಂಡದ್ದು ಒಬ್ಬನೇ ಡ್ರೈವರ್, ಒಬ್ಬಳೇ ಕ್ಲಾರ್ಕ್. ಇವಳು ಚೀಟಿ ಕೊಟ್ಟು ಆಮೇಲೆ ಫೈಲು ಅಳಿಸುತ್ತಾಳೆ, ಅವನು ಅದೇ ಪರ್ಮಿಟ್ ಮೇಲೆ ಇನ್ನೊಂದು ಟ್ರಿಪ್ ಹೊಡೆಯುತ್ತಾನೆ ಎಂದು ತೀರ್ಮಾನಿಸಿದರು. ಆ ಕಾಲದಲ್ಲಿ ಅಂಥದ್ದು ಅಲ್ಲಿ ಇಲ್ಲಿ ನಡೆಯುತ್ತಲೂ ಇತ್ತು, ಹಾಗಾಗಿ ಅವರನ್ನು ಪೂರಾ ದೂರುವುದೂ ತಪ್ಪು.

ಆದರೂ ಒಂದು ಸಲ ನನ್ನನ್ನು ಕರೆದು ಕೇಳಿದರು. ನಿನ್ನ ಪ್ರೋಗ್ರಾಂ ತಾನಾಗಿ ಒಂದು ಲಾರಿಯನ್ನು ಬಿಟ್ಟುಬಿಡುವ ಸಾಧ್ಯತೆ ಇದೆಯೇ, ಯೋಚಿಸಿ ಬರೆದು ಕೊಡು ಎಂದರು. ಯೋಚಿಸುವುದು ಏನು ಬಂತು! ನನ್ನ ಪ್ರೋಗ್ರಾಂ! ನಿಂತ ಕಾಲಲ್ಲೇ ಬರೆದು ಕೊಟ್ಟೆ: "ಪಟ್ಟಿಯಲ್ಲಿ ಇಲ್ಲ ಅಂದರೆ ಇಲ್ಲ." ಕೆಳಗೆ ಸಹಿ, ತಾರೀಖು. ಅವತ್ತಿನ ನನ್ನ ಸೊಕ್ಕು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆ ಕಾಗದದ ಆಧಾರದ ಮೇಲೆ ದುರುಗಮ್ಮನಿಗೆ ಸೋಮವಾರದಿಂದ ಬರಬೇಡ ಎಂದು ಹೇಳಲಾಯಿತು. ಕಾಸಿಂನ ಲಾರಿಗೆ ಕಾಂಟಾದ ಗೇಟು ಮುಚ್ಚಿತು. ಅವತ್ತು ಗುರುವಾರ. ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಿದ್ದೆ, ದುರುಗಮ್ಮ ಸಂಡೂರು ಬಸ್ಸಿಳಿದು ಸೀದಾ ನನ್ನ ಟೇಬಲ್ಲಿನ ಮುಂದೆ ಬಂದು ನಿಂತಳು. ಕುಂದ್ರವ್ವ ಎಂದೆ. ಕೂರಲಿಲ್ಲ. ಅಳುತ್ತಾಳೇನೋ ಎಂದು ಹೆದರಿದ್ದೆ, ಅಳಲೂ ಇಲ್ಲ.

"ಕೆಲಸ ಹೋದ್ರ ಇನ್ನೊಂದು ಸಿಕ್ಕೀತು ವಿರೂಪಣ್ಣೋರ," ಎಂದಳು. "ಕಳ್ಳಿ ಅನ್ನೋ ಹೆಸರು ಬಂದ್ರ ಅದು ಹೋಗಂಗಿಲ್ಲ. ನೀವು ಕಲಿತೋರು, ನಿಮ್ಮ ಮಾತು ನಡೀತೈತಿ. ನಾ ಹೇಳೋದು ಒಂದ. ಬೋಣಿ ಚೀಟಿ ನಾ ಯಾವತ್ತೂ ಅಳಿಸಿಲ್ರಿ. ನಮ್ಮಪ್ಪ ಕಲಿಸಿದ್ದು ಅದು."

ಅವಳನ್ನು ಸಮಾಧಾನ ಮಾಡಿ ಕಳಿಸೋಣ ಎಂದು, ಸುಮ್ಮನೆ ಅವಳ ಕಣ್ಣೆದುರೇ ತೋರಿಸಲು ಹೊರಟೆ. ಕೊನೆಯ ಸಲ ಲಾರಿ ತಪ್ಪಿದ್ದ ದಿನದ ಪಟ್ಟಿಯನ್ನು ಪರದೆಯ ಮೇಲೆ ತಂದೆ. ನೋಡವ್ವ, ಎಣಿಸು ಎಂದೆ. ಅವಳು ಬೆರಳಿಟ್ಟು ಎಣಿಸಿದಳು, ನಲವತ್ತೇಳು. ಅವತ್ತು ನಾನು ನಲವತ್ತೆಂಟು ಚೀಟಿ ಕೊಟ್ಟೀನಿ ಎಂದಳು. ಸರಿ, ಕಂಪ್ಯೂಟರನ್ನೇ ಕೇಳೋಣ ಎಂದು, ಫೈಲುಗಳ ಸಂಖ್ಯೆಯನ್ನಷ್ಟೇ ಹೇಳುವ ಆಜ್ಞೆ ಕೊಟ್ಟೆ. ಹೆಸರು ತೋರಿಸದೆ ಬರೀ ಲೆಕ್ಕ ಹೇಳುವ ಆಜ್ಞೆ ಅದು. ನಾನು ಅದನ್ನು ಹಿಂದೆ ಒಮ್ಮೆಯೂ ಬಳಸಿರಲಿಲ್ಲ, ಪಟ್ಟಿ ಇರುವಾಗ ಯಾಕೆ ಬೇಕು?

ನಲವತ್ತೆಂಟು ಎಂದು ಬಂತು.

ಮತ್ತೆ ಕೊಟ್ಟೆ, ಮತ್ತೆ ನಲವತ್ತೆಂಟು. ಫೈಲು ಇದೆ, ಯಾರೂ ಅಳಿಸಿಲ್ಲ, ಆದರೆ ನನ್ನ ಪಟ್ಟಿ ಅದನ್ನು ತೋರಿಸುತ್ತಿಲ್ಲ. ದುರುಗಮ್ಮ ಈಗ ಕುರ್ಚಿ ಎಳೆದುಕೊಂಡು ಕೂತಳು. ಆಗ ನನ್ನ ಕಣ್ಣಿಗೆ ಇನ್ನೊಂದು ಬಿತ್ತು. ಪಟ್ಟಿಯ ಮೇಲಿನ ಅಡ್ಡಗೆರೆಯ ನಡುವೆ 7741 ಎಂಬ ನಾಲ್ಕು ಅಂಕಿ ಸಿಕ್ಕಿಕೊಂಡಿದ್ದವು. ಅಂಥ ಅಂಕಿಗಳನ್ನು ನಾನು ಮೊದಲೂ ನೋಡಿದ್ದೆ. ಫೋನ್ ಲೈನಿನ ಗದ್ದಲ ಎಂದು ಬಿಟ್ಟಿದ್ದೆ. ಅದು ಕಾಸಿಂನ ಆ ದಿನದ ಲಾರಿ ನಂಬರ್ ಎಂದು ದುರುಗಮ್ಮ ಹೇಳಿದಳು.

ಅವತ್ತು ಅದನ್ನು ಹೇಗೆ ಟೈಪ್ ಮಾಡಿದೆ, ನನ್ನ ಮುಂದೆ ಮಾಡಿ ತೋರಿಸು ಎಂದೆ. ಕಾಸಿಂನ ಮಾಲೀಕನಿಗೆ ಹಲವು ಲಾರಿ, ದಿನಕ್ಕೊಂದು ಕೊಟ್ಟು ಕಳಿಸುತ್ತಾನೆ. ನಂಬರ್ ಪ್ಲೇಟಿಗೆ ಕೆಂಪು ಧೂಳು ಮೆತ್ತಿರುತ್ತದೆ. ಅವತ್ತು ಕಾಂಟಾದ ಕಿಟಕಿಯಿಂದ ನೋಡಿ 7714 ಎಂದುಕೊಂಡಿದ್ದಳಂತೆ, ಈಗ ನನ್ನ ಮುಂದೆಯೂ ಹಾಗೇ ಹೊಡೆದಳು. ಎರಡನೆಯ ಸಾಲಿಗೆ ಬಂದು ಕಾಸಿಂ ಎಂದು ಹೊಡೆದಳು. ಅವತ್ತು ಅಷ್ಟರಲ್ಲಿ ಅವನು ಹೆಗಲ ಟವೆಲ್ಲಿನಿಂದ ಪ್ಲೇಟು ಒರೆಸಿ, ಅಕ್ಕಾ ಅದು ನಲವತ್ತೊಂದು ಎಂದನಂತೆ. ಬೇರೆ ಚೀಟಿಯಾಗಿದ್ದರೆ ಅವಳು ಅಳಿಸಿ ಹೊಸದಾಗಿ ಹೊಡೆಯುತ್ತಿದ್ದಳು. ಇದು ಬೋಣಿ. ಬೋಣಿ ಚೀಟಿಯನ್ನು ಹರಿಯಬಾರದು, ಹೊಡೆದುಹಾಕಬಾರದು, ತಪ್ಪಿದರೆ ಅದರ ಮೇಲೆಯೇ ತಿದ್ದಿ ಬರೆಯಬೇಕು ಎಂದು ಅವಳ ಅಪ್ಪನ ಪಾಠ. ಹಾಗಾಗಿ ಅವಳು ಅಳಿಸುವ ಕೀಲಿ ಮುಟ್ಟಲಿಲ್ಲ. ಮೇಲಿನ ಬಾಣ ಒತ್ತಿದಳು, ಎಡಗಡೆಯ ಬಾಣ ಒತ್ತಿದಳು, ಹಳೆಯ ನಂಬರಿನ ಮೇಲೆ 7741 ಹೊಡೆದಳು. ಪರದೆಯ ಮೇಲೆ ನಂಬರ್ ಅಚ್ಚುಕಟ್ಟಾಗಿ ಸರಿಯಾಯಿತು. ನೋಡ್ರಿ, ಇಷ್ಟ ಎಂದಳು.

ಅಷ್ಟೇ ಸಾಕಾಗಿತ್ತು. ಅವಳು ತಿದ್ದಿದ್ದು ಪರದೆಯನ್ನು ಮಾತ್ರ. ನನ್ನ ಪ್ರೋಗ್ರಾಂ ಆಗಲೇ ಮೊದಲ ಸಾಲನ್ನು ತೆಗೆದುಕೊಂಡು ಮುಗಿಸಿತ್ತು. ಬಾಣದ ಕೀಲಿಗಳು ಎಸ್ಕೇಪ್ ಸಮೇತ ಕಳಿಸಿದ ಮೇಲೆ ಹೋಗು, ಎಡಕ್ಕೆ ಹೋಗು ಎಂಬ ಆಜ್ಞೆಗಳನ್ನೂ ಹೊಸ ನಂಬರನ್ನೂ ಅದು ಕಾಸಿಂನ ಹೆಸರಿನ ಬಾಲವೆಂದು ತಿಳಿದು, ಎಲ್ಲವನ್ನೂ ಫೈಲಿನ ಹೆಸರಿಗೆ ಸೇರಿಸಿಬಿಟ್ಟಿತ್ತು. ಸಂಜೆ ಹೊಸಪೇಟೆಯಲ್ಲಿ ಪಟ್ಟಿ ಆ ಹೆಸರನ್ನು ತೋರಿಸುವಾಗ, ಕಾಸಿಂ ಎಂದು ಬರೆದ ಕೂಡಲೇ ಸೀಟಿ ಊದಿದಂತಾಗಿ ಕರ್ಸರ್ ಮೇಲಿನ ಅಡ್ಡಗೆರೆಗೆ ಹಾರುತ್ತಿತ್ತು. ಹೊಸ ನಂಬರನ್ನು ಅಲ್ಲಿ ಬರೆದು ಮುಂದಿನ ಸಾಲಿಗೆ ಇಳಿಯುತ್ತಿತ್ತು. ಆ ಮುಂದಿನ ಸಾಲೆಂದರೆ ಕಾಸಿಂನ ಸಾಲೇ. ಎರಡನೆಯ ಲಾರಿಯ ಹೆಸರು ಅವನ ಮೇಲೆ ಬಂದು ಕೂತು, ಅವನನ್ನು ಪೂರಾ ಮುಚ್ಚಿಬಿಡುತ್ತಿತ್ತು. ಮಾಡಿದವರು ಯಾರು? ಆ ಎಸ್ಕೇಪನ್ನು ಕಣ್ಣಿಗೆ ತೋರಿಸುತ್ತಿದ್ದ ಟೋಪಿ ಕಿತ್ತವನು ನಾನು, ಹೆಸರಿನಲ್ಲಿ ಏನಿದೆ ಎಂದು ನೋಡದೆ ಒಳಗೆ ಬಿಟ್ಟವನು ನಾನು, ನೋಡದೆ ಹೊರಗೆ ತೋರಿಸಿದವನೂ ನಾನು. ಮೇಲೆ ಸಹಿ ಬೇರೆ.

ದುರುಗಮ್ಮನಿಗೆ ಇದನ್ನೆಲ್ಲ ಹೇಳಿದೆ. ತಪ್ಪು ನನ್ನದು ತಾಯಿ ಎಂದೆ. ಅವಳು ಪರದೆಯನ್ನೂ ನನ್ನನ್ನೂ ಒಂದು ಗಳಿಗೆ ನೋಡಿ, "ಹಂಗಾದ್ರ ಎದ್ದೇಳ್ರಿ, ಮ್ಯಾನೇಜರ್ ಹಂತ್ಯಾಕ ಹೋಗೋಣ," ಎಂದಳು. ಆ ಹತ್ತು ಹೆಜ್ಜೆ ನಡೆಯುವಾಗ ನನಗೆ ಬಂದ ಯೋಚನೆಗಳನ್ನು ಮುಚ್ಚಿಡುವುದಿಲ್ಲ. ಪ್ರೋಗ್ರಾಂ ಸದ್ದಿಲ್ಲದೆ ಸರಿಮಾಡಿ, ಫೈಲು ಸಿಕ್ಕಿತು ಎಂದಷ್ಟೇ ಹೇಳಿದರೆ ನನ್ನ ಮಾನ ಉಳಿಯುತ್ತದೆ ಎಂದೂ ಅನ್ನಿಸಿತು. ಆದರೆ ಹಿಂದೆ ಅವಳ ಚಪ್ಪಲಿಯ ಸದ್ದು ಬರುತ್ತಿತ್ತು.

ಶೇಷಗಿರಿಯವರು ಎಲ್ಲ ಕೇಳಿದರು. ಎದ್ದು ಬಂದು ಪರದೆ ನೋಡಿದರು. ನಾನು ಅವರೆದುರಿಗೇ ಪಟ್ಟಿಯನ್ನು ತಿದ್ದಿ, ಕಾಣದ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುವಂತೆ ಮಾಡಿ ತೋರಿಸಿದೆ. ಕಾಸಿಂ ತನ್ನ ಸಾಲಿನಲ್ಲಿ ಬಂದು ಕೂತ, ಹಿಂದೆ ನಾಲ್ಕಾರು ಪ್ರಶ್ನೆಗಳ ಬಾಲ ಕಟ್ಟಿಕೊಂಡು. ಉಳಿದ ನಾಲ್ಕು ದಿನಗಳಲ್ಲೂ ಹಾಗೆಯೇ ಬಂದ. ಶೇಷಗಿರಿಯವರು ನನ್ನ ಹಳೆಯ ಕಾಗದವನ್ನು ಡ್ರಾಯರಿನಿಂದ ತೆಗೆದರು. ಹರಿಯಲಿಲ್ಲ. ಅದರ ಕೆಳಗೇ ಬರೆ ಎಂದು ಪೆನ್ನು ಕೊಟ್ಟರು. "ಪಟ್ಟಿಯಲ್ಲಿ ಇಲ್ಲದಿದ್ದರೂ ಇರಬಹುದು, ತಪ್ಪು ನನ್ನದು" ಎಂದು ಬರೆದೆ. ಅದರ ಕೆಳಗೆ ಅವರೂ, ವಿಚಾರಿಸದೆ ತೀರ್ಮಾನಿಸಿದ್ದು ತಮ್ಮ ತಪ್ಪು ಎಂದು ಬರೆದು ಸಹಿ ಹಾಕಿದರು. ತನ್ನ ಅಪ್ಪ ಹೇಳಿಕೊಟ್ಟಂತೆ ಮ್ಯಾನೇಜರೂ ಕಾಗದ ಹರಿಯದೆ ತಿದ್ದಿಸಿದ್ದನ್ನು ಕಂಡು ದುರುಗಮ್ಮ ಅವತ್ತು ಮೊದಲ ಸಲ ನಕ್ಕಳು.

ಶಿಕ್ಷೆಯೂ ಆಯಿತು. ಸೋಮವಾರ ಬೆಳಿಗ್ಗೆ ಕಾಸಿಂನ ಲಾರಿಯಲ್ಲೇ ಕಾಂಟಾಕ್ಕೆ ಹೋಗಿ, ಎಲ್ಲ ಡ್ರೈವರುಗಳ ಮುಂದೆ ನಡೆದದ್ದು ಹೇಳಿ ಬರಬೇಕು. ಹೋದೆ. ಕಾಂಟಾದ ಮುಂದೆ ಇಳಿಯುವಾಗ ಕಾಸಿಂ, "ಸಾಹೇಬ್ರ, ನಾ ದಿನಾ ಬರ್ತಿದ್ದೆ, ನಿಮ್ಮ ಕಂಪ್ಯೂಟರ್‌ಗೆ ನಾ ಕಾಣ್ತಿರಲಿಲ್ಲ ಅಷ್ಟ," ಎಂದು ಟಿಫಿನ್ ಡಬ್ಬಿ ತೆಗೆದು ಅರ್ಧ ರೊಟ್ಟಿ ಕೊಟ್ಟ.

ಅಲ್ಲಿ ಕೂತು ಪ್ರೋಗ್ರಾಂ ತಿದ್ದಿದೆ. ಬಾಣದ ಕೀಲಿ ನಿಷೇಧಿಸಿಬಿಡುವುದು ಸುಲಭವಿತ್ತು. ಆದರೆ ಅವಳ ಪದ್ಧತಿ ತಪ್ಪಾಗಿರಲಿಲ್ಲ, ನನ್ನ ಯಂತ್ರಕ್ಕೆ ಅದು ಗೊತ್ತಿರಲಿಲ್ಲ. ಅದಕ್ಕೆ, ಮೇಲಿನ ಬಾಣ ಒತ್ತಿದರೆ ನಿಜವಾಗಿಯೂ ಮೇಲಿನ ಸಾಲಿಗೆ ಹೋಗಿ ತಿದ್ದುವಂತೆ ಮಾಡಿದೆ. ಹಳೆಯ ನಂಬರೂ ಚೀಟಿಯಲ್ಲಿ ಉಳಿಯುತ್ತದೆ, ಹೊಸದೂ ಇರುತ್ತದೆ. ಫೈಲಿನ ಹೆಸರಿಗೆ ಮಾತ್ರ ಅಕ್ಷರ, ಅಂಕಿ ಬಿಟ್ಟು ಬೇರೇನೂ ಸೇರದಂತೆ ಬೇಲಿ ಹಾಕಿದೆ.

ಈ ಕಥೆ ಹರಡಿ ನನಗೆ ವಿಚಿತ್ರ ಹೆಸರು ಬಂತು. ಕಂಪ್ಲಿಯಿಂದ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಕರೆ ಕಳಿಸಿದರು. ಅವರ ಕಂಪ್ಯೂಟರಿನಲ್ಲಿ ಫೈಲುಗಳ ಹೆಸರು ನೋಡಿದರೆ ಸಾಕು, ಅರ್ಧಕ್ಕೇ ಪರದೆ ಪೂರಾ ಕೆಂಪಾಗುತ್ತಿತ್ತು. ಯಾರೋ ವಾಸ್ತು ಹೇಳಿ ಯಂತ್ರವನ್ನು ಈಶಾನ್ಯಕ್ಕೆ ತಿರುಗಿಸಿದ್ದರು, ಅದರ ತಲೆಗೆ ನಿಂಬೆಹಣ್ಣು ಕಟ್ಟಿದ್ದರು. ನೋಡಿದರೆ ಒಂದು ಫೈಲಿನ ಹೆಸರಿನಲ್ಲಿ ಕೆಂಪಾಗು ಎಂಬ ಆಜ್ಞೆ ಕೂತಿತ್ತು. ಹೆಸರು ಬದಲಿಸಿದೆ, ಎರಡು ನಿಮಿಷದ ಕೆಲಸ. ಇಷ್ಟು ಬೇಗ ಮುಗಿದರೆ ಮರ್ಯಾದೆ ಇರುವುದಿಲ್ಲವೆಂದು ಅರ್ಧ ಗಂಟೆ ಗಂಭೀರವಾಗಿ ಕೂತಿದ್ದು, ಸೋನಾ ಮಸೂರಿ ಅನ್ನದ ಊಟ ಮಾಡಿ ಬಂದೆ. ನಿಂಬೆಹಣ್ಣು ಇರಲಿ ಬಿಡಿ ಎಂದು ಹೇಳಿದೆ.

ಈಗಿನ ಪ್ರೋಗ್ರಾಂಗಳು ಜಾಣವಾಗಿವೆ. ಹೆಚ್ಚಿನವು ಅಂಥ ಹೆಸರುಗಳನ್ನು ತಾವೇ ಗುರುತು ಹಾಕಿ ತೋರಿಸುತ್ತವೆ. ಆದರೆ ನೀವೇ ಒಂದು ಸಣ್ಣ ಪಟ್ಟಿ ಬರೆಯುವ ದಿನ ಬರುತ್ತದೆ, ಬಂದೇ ಬರುತ್ತದೆ. ಆಗ ಹೊರಗಿನಿಂದ ಬಂದ ಹೆಸರನ್ನು ಇದ್ದ ಹಾಗೇ ಪರದೆಗೆ ಎಸೆಯಬೇಡಿ. ಪ್ರಯಾಣಿಕರ ಬಾಯಲ್ಲಿ ಸೀಟಿ ಇದೆಯೇ ನೋಡಿ, ಇದ್ದರೆ ಕಸಿದುಕೊಂಡು ಹತ್ತಿಸಿ. ಮತ್ತು ಕಂಪ್ಯೂಟರ್ ಒಂದು ಹೇಳಿ ಮನುಷ್ಯರು ಇನ್ನೊಂದು ಹೇಳಿದರೆ, ಸಹಿ ಹಾಕುವ ಮೊದಲು ಒಮ್ಮೆ ಎಣಿಸಿ.

ಗಣಿಯ ಅಬ್ಬರ ಮುಗಿಯಿತು, ಲಾರಿಗಳ ಸಾಲು ಕರಗಿತು, ಶೇಷಗಿರಿಯವರು ನನಗಿಂತ ಮೊದಲೇ ನಿವೃತ್ತರಾದರು. ನನ್ನ ಸರದಿ ಬಂದಾಗ ಆಫೀಸಿನಲ್ಲಿ ಶಾಲು, ಹಾರ, ಭಾಷಣ ಎಲ್ಲ ಆಯಿತು. ಮಾರನೆಯ ದಿನ ಬೆಳಿಗ್ಗೆ ಮನೆಯ ಮುಂದೆ ಲಾರಿಯ ಹಾರ್ನ್ ಕೇಳಿತು. ಗಡ್ಡ ಬೆಳ್ಳಗಾದ ಕಾಸಿಂ. ಕಾರಣ ಹೇಳದೆ ಹತ್ತಿಸಿಕೊಂಡು ಸಂಡೂರಿನ ಕಾಂಟಾಕ್ಕೆ ಒಯ್ದ. ಅಷ್ಟು ಹೊತ್ತಿಗೆ ದುರುಗಮ್ಮ ಅಲ್ಲಿನ ಇನ್‌ಚಾರ್ಜ್ ಆಗಿದ್ದಳು. ನಾನು ಇಳಿಯಲು ಹೋದರೆ, ಕಿಟಕಿಯಿಂದಲೇ ಬ್ಯಾಡ, ಅಲ್ಲೇ ಕುಂದ್ರಿ ಎಂದು ಕೈ ಮಾಡಿದಳು. ಲಾರಿಯನ್ನು ನನ್ನ ಸಮೇತ ತೂಗಿದಳು.

ಅವತ್ತಿನ ಮೊದಲ ಚೀಟಿ ಅದು. ಟೈಪ್ ಮಾಡುವಾಗ ಅವಳು ಒಂದು ಸಲ ಮೇಲಿನ ಬಾಣ ಒತ್ತಿದ್ದು ನನಗೆ ಕಂಡಿತು. ಬೇಕಂತಲೇ ಒತ್ತಿದಳೋ, ನಿಜಕ್ಕೂ ತಪ್ಪಿತೋ ಕೇಳಲಿಲ್ಲ. ಅಚ್ಚಾದ ಚೀಟಿ ನನ್ನ ಕೈಗೆ ಕೊಟ್ಟಳು. ಲಾರಿ ನಂಬರ್ ಇತ್ತು, ಡ್ರೈವರ್ ಕಾಸಿಂ ಎಂದಿತ್ತು. ಮಾಲು ಎಂಬಲ್ಲಿ ಅದಿರಿನ ಬದಲು ವಿರೂಪಣ್ಣ ಎಂದಿತ್ತು. ಅದರ ಕೆಳಗೆ, ಷರಾ ಎಂಬ ಜಾಗದಲ್ಲಿ ಒಂದು ಸಾಲು. ಕನ್ನಡಕ ಒರೆಸಿಕೊಂಡು ಓದಿದೆ, ಆಮೇಲೆ ಇನ್ನೊಮ್ಮೆ ಒರೆಸಿಕೊಳ್ಳಬೇಕಾಯಿತು.

"ಪಟ್ಟಿಯಲ್ಲಿ ಇಲ್ಲದಿದ್ದರೂ ಇದ್ದಾರೆ."